ಆಂಡ್ರ್ಯೂ ಬೈನಮ್: ಕೈಕೊಟ್ಟಿದ್ದು ಮಂಡಿಯಾ, ಮನಸ್ಸಾ?

ಹುಕ್‌ಶಾಟ್:
ಅಮೆರಿಕದ ಬ್ಯಾಸ್ಕೆಟ್‌ಬಾಲ್ ಆಟಗಾರ ಬೈನಮ್ ಹೆಸರು ಎತ್ತಿದರೆ ಸಾಕು, ಇಲ್ಲಿ ಅರ್ಧ ಜನ "ಸೋಮಾರಿ" ಅಂತಾರೆ, ಇನ್ನರ್ಧ ಜನ "ಪಾಪ, ಮಂಡಿ" ಅಂತಾರೆ. ಇನ್ನೊಬ್ಬ ಆಟಗಾರ ಡ್ವೈಟ್ ಹೊವಾರ್ಡ್ ಬಗ್ಗೆ ಮಾತಾಡುವಾಗಲೂ ಇದೇ ಜಗಳ ಶುರುವಾಗಿ ಆ ಚರ್ಚೆ ಹಾಳಾಯಿತು. ಅದಕ್ಕೇ ಇದನ್ನು ಬೇರೆ ತೆಗೆದಿದ್ದೇನೆ, ಇಲ್ಲಿ ಎಷ್ಟು ಬೇಕಾದರೂ ಜಗಳ ಆಡಿ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. 2005ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳೋದು) ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡ ಇವನನ್ನು 10ನೇ ಆಯ್ಕೆಯಾಗಿ ತೆಗೆದುಕೊಂಡಾಗ ಇವನಿಗೆ 17 ವರ್ಷ. ಕನೆಕ್ಟಿಕಟ್ ಯೂನಿವರ್ಸಿಟಿಗೆ ಸೇರುತ್ತೇನೆ ಅಂದಿದ್ದವನು ಮನಸ್ಸು ಬದಲಿಸಿ ನ್ಯೂಜೆರ್ಸಿಯ ಹೈಸ್ಕೂಲ್‌ನಿಂದ ನೇರವಾಗಿ ಅಮೆರಿಕದ ದೊಡ್ಡ ಲೀಗ್ ಎನ್‌ಬಿಎಗೆ ಬಂದ. ಮುಂದಿನ ವರ್ಷದಿಂದ ವಯಸ್ಸಿನ ಮಿತಿ ಬಂತು, ಹೈಸ್ಕೂಲ್ ಮುಗಿಸಿದ ತಕ್ಷಣ ಬರುವ ದಾರಿ ಮುಚ್ಚಿತು. 18 ವರ್ಷ 6 ದಿನಕ್ಕೆ ಮೊದಲ ಪಂದ್ಯ ಆಡಿದ, ಅಷ್ಟು ಚಿಕ್ಕ ವಯಸ್ಸಿಗೆ ಅಲ್ಲಿ ಬೇರೆ ಯಾರೂ ಆಡಿಲ್ಲ. 2009 ಮತ್ತು 2010ರಲ್ಲಿ ಎರಡು ಚಾಂಪಿಯನ್‌ಶಿಪ್. 2012ರಲ್ಲಿ ಲೀಗಿನ ಅತ್ಯುತ್ತಮರು ಆಡುವ ಆಲ್‌ಸ್ಟಾರ್ ಪಂದ್ಯದ ಸ್ಟಾರ್ಟರ್, ಆ ಸೀಸನ್‌ನಲ್ಲಿ ಸರಾಸರಿ 18.7 ಪಾಯಿಂಟ್, 11.8 ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು ಹಿಡಿಯೋದು). ಆಗ ವಯಸ್ಸು 24. ಕೊನೆಯ ಪಂದ್ಯ 2014ರ ಮಾರ್ಚ್‌ನಲ್ಲಿ, ಆಗ 26.

ಸಾಮಾನ್ಯವಾಗಿ ಸೆಂಟರ್ ಆಟಗಾರ (ಬುಟ್ಟಿಯ ಹತ್ತಿರ ಆಡುವ ಎತ್ತರದವನು) ಪಳಗುವುದೇ 26ಕ್ಕೆ, ಇವನು ಅಷ್ಟರಲ್ಲಿ ಮುಗಿದೇ ಹೋಗಿದ್ದ.

ನನಗೆ ಅನ್ನಿಸೋದು ಇಷ್ಟು. ಮಂಡಿ ಹಾಳಾಗುತ್ತಾ ಹೋದ ಹಾಗೆ ಆಟದ ಮೇಲಿನ ಆಸೆ ಹೋಯಿತು, ಆಸೆ ಹೋದ ಮೇಲೆ ಮಂಡಿ ಸರಿ ಮಾಡಿಕೊಳ್ಳುವ ಹಟವೂ ಹೋಯಿತು. ಇದು ಮೊದಲು, ಅದು ಆಮೇಲೆ ಅಂತ ಗೆರೆ ಎಳೆಯೋಕೆ ಹೊರಟರೆ ನಾವೇ ಕಥೆ ಕಟ್ಟಬೇಕಾಗುತ್ತೆ.

ಆರನೇ ಆಟಗಾರ:
ಇಲ್ಲ ಗುರು, ಒಪ್ಪಲ್ಲ. ಗೆರೆ ಎಳೆಯೋದು ಸುಲಭ. 2011-12ರ ಸೀಸನ್ ನೋಡಿ. ಗಾಯಗಳು ಶುರುವಾದ ಮೇಲೆ ಮಂಡಿ ಸುಮ್ಮನಿದ್ದ ಒಂದೇ ಒಂದು ವರ್ಷ ಅದು. ಬರೀ ಗಾಯದಿಂದಲೇ ಮನಸ್ಸು ಹೋಗಿದ್ದರೆ ಆ ವರ್ಷ ಅವನು ನೆಟ್ಟಗಿರಬೇಕಿತ್ತು, ಅಲ್ವಾ? ಆ ವರ್ಷವೇ ಅವನ ಕೆಟ್ಟ ಬುದ್ಧಿ ಎಲ್ಲ ಹೊರಗೆ ಬಂದಿದ್ದು. ಮಾರ್ಚ್‌ನಲ್ಲಿ ಗೋಲ್ಡನ್ ಸ್ಟೇಟ್ ವಿರುದ್ಧ ಶಾಟ್ ಕ್ಲಾಕ್ (ಬುಟ್ಟಿಗೆ ಎಸೆಯಲು ಕೊಡುವ ಸಮಯ) ಇನ್ನೂ ಬೇಕಾದಷ್ಟು ಇರುವಾಗ ಸುಮ್ನೆ ದೂರದಿಂದ ಒಂದು ತ್ರೀ ಪಾಯಿಂಟರ್ ಎಸೆದ. ಕೋಚ್ ಮೈಕ್ ಬ್ರೌನ್ ಎಬ್ಬಿಸಿ ಬೆಂಚ್ ಮೇಲೆ ಕೂರಿಸಿದರು. ಪಂದ್ಯ ಮುಗಿದ ಮೇಲೆ ಕೇಳಿದರೆ, ಮುಂದೆಯೂ ಎಸೆಯುತ್ತೇನೆ ಅಂದ. ಟೈಮ್‌ಔಟ್‌ನಲ್ಲಿ ತಂಡ ಗುಂಪು ಸೇರಿದರೆ ಇವನು ಬೇರೆ ಕಡೆ ಕೂತಿರುತ್ತಿದ್ದ.

ಇನ್ನು ಅದೇ ವರ್ಷದ ಪ್ಲೇಆಫ್‌ನ (ಸೀಸನ್ ಕೊನೆಯ ನಾಕೌಟ್ ಹಂತ) ಡೆನ್ವರ್ ಸರಣಿ, ಏಳರಲ್ಲಿ ನಾಲ್ಕು ಗೆದ್ದವರು ಮುಂದಕ್ಕೆ. ಲೇಕರ್ಸ್ 3-1 ಮುಂದಿತ್ತು. ಸರಣಿ ಮುಗಿಸುವ ಪಂದ್ಯ ಸುಲಭ ಅನ್ನೋ ಧಾಟಿಯಲ್ಲಿ ಪತ್ರಕರ್ತರ ಮುಂದೆ ಮಾತಾಡಿದ. ಐದನೇ ಪಂದ್ಯ ಸೋತರು, ಆರನೆಯದೂ ಸೋತರು, ಏಳಕ್ಕೆ ಹೋಗಿ ಗೆದ್ದು ಉಸಿರು ಬಿಟ್ಟರು. ಇದರಲ್ಲಿ ಮಂಡಿಯ ತಪ್ಪೇನಿದೆ ಹೇಳಿ.

ಅದಕ್ಕೂ ಹಿಂದಿನ ವರ್ಷ ಡಲ್ಲಾಸ್‌ನಲ್ಲಿ ಮಾಡಿದ್ದು ಬೇರೆ. 2011ರ ಮೇ ತಿಂಗಳು, ಲೇಕರ್ಸ್ ನಾಲ್ಕಕ್ಕೆ ನಾಲ್ಕೂ ಸೋಲುತ್ತಿದೆ, ಗಾಳಿಯಲ್ಲಿದ್ದ ಡಲ್ಲಾಸ್‌ನ ಜೆ. ಜೆ. ಬರೇಯಾ ಪಕ್ಕೆಗೆ ಮೊಣಕೈ ಹಾಕಿದ. ಬರೇಯಾ ಎಷ್ಟು ಎತ್ತರ ಅಂತ ಗೊತ್ತಲ್ವಾ, ಇವನ ಎದೆಗೆ ಬರ್ತಾನೆ. ಹೊರಗೆ ಹಾಕಿದರೆ ಅಂಗಿ ಕಳಚಿಕೊಂಡು ನಡೆದುಹೋದ. ಅಂಥವನಿಗೆ ಅಯ್ಯೋ ಅನ್ನೋಕೆ ನನ್ನಿಂದ ಆಗಲ್ಲ.

ಮಂಡಿಚಿಪ್ಪು:
ಫಿಸಿಯೋಥೆರಪಿ ನನ್ನ ಕೆಲಸ, ಹಾಗಾಗಿ ನಡತೆಯ ವಿಷಯ ನಿಮಗೇ ಬಿಡುತ್ತೇನೆ, ಮಂಡಿಯ ವಿಷಯ ಮಾತ್ರ ಹೇಳುತ್ತೇನೆ. "ಮಂಡಿ ಸುಮ್ಮನಿದ್ದ ವರ್ಷ" ಅನ್ನೋ ಮಾತು ಸ್ವಲ್ಪ ಜಾಸ್ತಿಯಾಯಿತು. ಆ ವರ್ಷ ಅವನು ಹೆಚ್ಚು ಪಂದ್ಯ ತಪ್ಪಿಸಿಕೊಳ್ಳಲಿಲ್ಲ ಅಂದರೆ ಒಳಗೆ ಎಲ್ಲ ಸರಿ ಇತ್ತು ಅಂತ ಅರ್ಥ ಅಲ್ಲ.

ಸಾಲಾಗಿ ನೋಡಿ. 2008ರ ಜನವರಿಯಲ್ಲಿ ಮೆಂಫಿಸ್ ವಿರುದ್ಧ ರೀಬೌಂಡ್‌ಗೆ ಹಾರಿ ಕೆಳಗೆ ಬರುವಾಗ ಲಮಾರ್ ಓಡಮ್ ಪಾದದ ಮೇಲೆ ಇಳಿದ, ಎಡ ಮಂಡಿಚಿಪ್ಪು ಜಾಗ ಬಿಟ್ಟು ಸರಿಯಿತು. ಆ ಸೀಸನ್ ಮುಗೀತು, ಆಮೇಲೆ ಆಪರೇಷನ್. ಸುಮಾರು ಒಂದು ವರ್ಷ ಬಿಟ್ಟು 2009ರ ಜನವರಿ 31, ಮತ್ತೆ ಮೆಂಫಿಸ್, ಈ ಸಲ ಕೋಬಿ ಬ್ರಯಂಟ್ ಬಂದು ಇವನ ಬಲಗಾಲಿನ ಮೇಲೆ ಬಿದ್ದ, ಬಲ ಮಂಡಿಯ ಒಳಬದಿಯ ಲಿಗಮೆಂಟ್ ಹರಿಯಿತು. ಅದಕ್ಕೆ ಹತ್ತು ದಿನ ಮುಂಚೆ ಕ್ಲಿಪರ್ಸ್ ಮೇಲೆ 42 ಪಾಯಿಂಟ್, 15 ರೀಬೌಂಡ್ ಹೊಡೆದಿದ್ದ, ಆಗ ವಯಸ್ಸು 21. 2010ರ ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ ಅದೇ ಬಲ ಮಂಡಿಯ ಮೆನಿಸ್ಕಸ್ ಹರಿಯಿತು. ಮೂರು ವರ್ಷ, ಮೂರು ಪೆಟ್ಟು, ಮೊದಲೆರಡರಲ್ಲಿ ಡಿಕ್ಕಿಯಾಗಿದ್ದು ಸ್ವಂತ ತಂಡದವರಿಗೇ.

ಮೂಳೆ ಮುರಿದರೆ ಕೂಡಿಕೊಳ್ಳುತ್ತೆ. ಮೂಳೆಯ ತುದಿಯನ್ನು ಮುಚ್ಚಿರುವ ಕಾರ್ಟಿಲೇಜ್ ಇದೆಯಲ್ಲ, ಅದಕ್ಕೆ ರಕ್ತನಾಳ ಇಲ್ಲ, ಸವೆದರೆ ಮತ್ತೆ ಬೆಳೆಯಲ್ಲ. ಮೆನಿಸ್ಕಸ್ ಅನ್ನೋದು ಎರಡು ಮೂಳೆಗಳ ಮಧ್ಯೆ ಪೆಟ್ಟು ತಡೆಯುವ ಮೆತ್ತೆ. ಅದು ಹರಿದು ಒಂದು ತುಂಡು ಹೋಯಿತು ಅಂದರೆ ಭಾರವೆಲ್ಲ ಕಾರ್ಟಿಲೇಜ್ ಮೇಲೆ. ಏಳು ಅಡಿ ಎತ್ತರ, 130 ಕಿಲೋ ಹತ್ತಿರ ತೂಕ. ಹಾರಿ ಇಳಿಯುವಾಗ ಮಂಡಿಗೆ ಬೀಳೋದು ಮೈತೂಕದ ಹಲವು ಪಟ್ಟು. ಹೊರಗಿನಿಂದ ನೋಡುವವರಿಗೆ ಇದು ಕಾಣೋದು ಹೇಗೆ ಗೊತ್ತಾ? ಓಡೋಕೆ ತಡ ಮಾಡುತ್ತಾನೆ, ಡಿಫೆನ್ಸ್‌ಗೆ ವಾಪಸ್ ಬರಲ್ಲ, ಎರಡನೇ ಸಲ ಹಾರಲ್ಲ. ಅಂದರೆ ಥೇಟ್ ಸೋಮಾರಿಯ ಹಾಗೆಯೇ.

ಸಿಕ್ಸರ್ಸ್ ಸಂತ್ರಸ್ತ:
ನಾನು ಫಿಲಡೆಲ್ಫಿಯಾದ ಸಿಕ್ಸರ್ಸ್ ತಂಡದ ಅಭಿಮಾನಿ, ನನ್ನ ಹೆಸರು ನೋಡಿದರೆ ನಾನು ಯಾಕೆ ಬಂದೆ ಅಂತ ಗೊತ್ತಾಗಿರುತ್ತೆ.

2012ರ ಆಗಸ್ಟ್ 10, ನಾಲ್ಕು ತಂಡಗಳ ದೊಡ್ಡ ಟ್ರೇಡ್, ಅಂದರೆ ಆಟಗಾರರ ಅದಲುಬದಲು. ಹೊವಾರ್ಡ್ ಲೇಕರ್ಸ್‌ಗೆ, ಬೈನಮ್ ಫಿಲಡೆಲ್ಫಿಯಾಗೆ, ನಮ್ಮ ಇಗ್ವೊಡಾಲ ಡೆನ್ವರ್‌ಗೆ, ನಮ್ಮ ವುಚೆವಿಚ್ ಮತ್ತು ಹಾರ್ಕ್‌ಲೆಸ್ ಒರ್ಲ್ಯಾಂಡೊಗೆ. ಅದಕ್ಕೆ ಕೆಲವೇ ತಿಂಗಳು ಮುಂಚೆ ಬಾಸ್ಟನ್ ಜೊತೆ ಎರಡನೇ ಸುತ್ತಿನಲ್ಲಿ ಏಳನೇ ಪಂದ್ಯದವರೆಗೆ ಹೋಗಿದ್ದ ತಂಡ ಅದು. ಒಬ್ಬ ನಿಜವಾದ ಸೆಂಟರ್ ಬಂದರೆ ಫೈನಲ್ಸ್ ಅಂತ ಎಲ್ಲರೂ ಲೆಕ್ಕ ಹಾಕಿದ್ದೆವು. ನ್ಯಾಷನಲ್ ಕಾನ್‌ಸ್ಟಿಟ್ಯೂಷನ್ ಸೆಂಟರ್‌ನಲ್ಲಿ ಸ್ವಾಗತ, ಜನವೋ ಜನ. ಫಿಲಡೆಲ್ಫಿಯಾದಲ್ಲೇ ಉಳಿಯೋ ಆಸೆ ಇದೆ ಅನ್ನೋ ಹಾಗೆ ಮಾತಾಡಿದ, ಜನ ಕುಣಿದರು.

ಆಮೇಲೆ? ಜರ್ಮನಿಗೆ ಹೋಗಿ ಮಂಡಿಗೆ ಇಂಜೆಕ್ಷನ್. ಅಕ್ಟೋಬರ್‌ನಲ್ಲಿ ಸ್ವಲ್ಪ ವಿಶ್ರಾಂತಿ ಅಂದರು. ನವೆಂಬರ್‌ನಲ್ಲಿ ಬೌಲಿಂಗ್ ಆಡೋಕೆ ಹೋಗಿ ಇನ್ನೊಂದು ಮಂಡಿಯೂ ಕೆಟ್ಟಿತು. ಹೌದು, ಬೌಲಿಂಗ್, ಆ ಗುಂಡು ಉರುಳಿಸಿ ಪಿನ್ ಬೀಳಿಸುವ ಆಟ. ಡಿಸೆಂಬರ್, ಜನವರಿ, ಫೆಬ್ರವರಿ, ಇವತ್ತು ಬರ್ತಾನೆ ನಾಳೆ ಬರ್ತಾನೆ. ನಮಗೆ ಸಿಕ್ಕಿದ್ದು ಬೆಂಚ್ ಮೇಲೆ ವಾರಕ್ಕೊಂದು ಹೊಸ ಕೇಶವಿನ್ಯಾಸ. ಮಾರ್ಚ್‌ನಲ್ಲಿ ಎರಡೂ ಮಂಡಿಗೆ ಆಪರೇಷನ್, ಸೀಸನ್ ಮುಗೀತು. ಆ ವರ್ಷದ ಸಂಬಳ ಒಂದೂವರೆ ಕೋಟಿ ಡಾಲರ್‌ಗೂ ಮೇಲೆ, ಆಡಿದ ಪಂದ್ಯ ಸೊನ್ನೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಸಣ್ಣ ಮಾತಾಯಿತು. ಕೋಚ್ ಡಗ್ ಕಾಲಿನ್ಸ್ ಬಿಟ್ಟುಹೋದರು. ಹೊಸ ಆಡಳಿತ ಬಂತು, ಜ್ರೂ ಹಾಲಿಡೇಯನ್ನು ಬೇರೆ ತಂಡಕ್ಕೆ ಕೊಟ್ಟರು, ಒಳ್ಳೆಯ ಡ್ರಾಫ್ಟ್ ಆಯ್ಕೆ ಸಿಗಲಿ ಅಂತ ವರ್ಷಗಟ್ಟಲೆ ಬೇಕು ಬೇಕಂತಲೇ ಸೋಲುವ ಯೋಜನೆ ಶುರುವಾಯಿತು. ಒಂದು ನಿಮಿಷ ಕೂಡ ಆಡದೆ ಒಂದು ತಂಡದ ದಿಕ್ಕನ್ನೇ ತಿರುಗಿಸಿದವನು ಅಂತ ಇದ್ದರೆ ಇವನೇ. ಇಗ್ವೊಡಾಲ 2015ರಲ್ಲಿ ಫೈನಲ್ಸ್‌ನ ಎಂವಿಪಿ (ಅತ್ಯುತ್ತಮ ಆಟಗಾರ) ಆದ. ವುಚೆವಿಚ್ ಎಷ್ಟು ವರ್ಷ ಆಡಿದ ನೋಡಿ. ಹೊಟ್ಟೆ ಉರಿಯುತ್ತೆ.

ಹುಕ್‌ಶಾಟ್:
@ಸಿಕ್ಸರ್ಸ್ ಸಂತ್ರಸ್ತ, ನಿಮ್ಮ ಸಿಟ್ಟು ನ್ಯಾಯವೇ, ಆದರೆ ಅದರಲ್ಲಿ ಅರ್ಧ ನಿಮ್ಮ ತಂಡದ ಆಡಳಿತಕ್ಕೆ ಸೇರಬೇಕು. ಎರಡೂ ಮಂಡಿಗೆ ಆಪರೇಷನ್ ಆಗಿರುವ ಹುಡುಗನನ್ನು, ಕಾಂಟ್ರಾಕ್ಟ್ ಬರೀ ಒಂದು ವರ್ಷ ಉಳಿದಿರುವಾಗ, ಮೂವರನ್ನು ಕೊಟ್ಟು ತಂದಿದ್ದು ಅವರೇ. ಬೌಲಿಂಗ್ ವಿಷಯದಲ್ಲೂ ಎಲ್ಲರೂ ನಗುತ್ತಾರೆ. ನನಗೆ ಅದು ಬೇರೆ ಥರ ಕಾಣುತ್ತೆ. ಬೌಲಿಂಗ್ ಆಡಿದರೆ ಕೆಡುವಂಥ ಮಂಡಿ ಎನ್‌ಬಿಎ ಪಂದ್ಯ ತಡೆಯುತ್ತಾ?

@ಆರನೇ ಆಟಗಾರ, 2012ರ ಕೆಟ್ಟದ್ದು ಮಾತ್ರ ಹೇಳಿದಿರಿ. ಅದೇ ಏಪ್ರಿಲ್‌ನಲ್ಲಿ ಸ್ಯಾನ್ ಆಂಟೋನಿಯೊ ವಿರುದ್ಧ, ಅದೂ ಟಿಮ್ ಡಂಕನ್ ಇದ್ದ ತಂಡದ ವಿರುದ್ಧ, 30 ರೀಬೌಂಡ್ ಹಿಡಿದ. ಕೋಬಿ ಅವತ್ತು ಆಡಿರಲಿಲ್ಲ. ನೀವು ಹೇಳಿದ ಡೆನ್ವರ್ ಸರಣಿಯ ಮೊದಲ ಪಂದ್ಯದಲ್ಲಿ 10 ಪಾಯಿಂಟ್, 13 ರೀಬೌಂಡ್, 10 ಬ್ಲಾಕ್ (ಎದುರಾಳಿ ಎಸೆದ ಚೆಂಡನ್ನು ತಡೆಯೋದು). ಹತ್ತು ಬ್ಲಾಕ್ ಅಂದರೆ ಆಗಿನ ಪ್ಲೇಆಫ್ ದಾಖಲೆಗೆ ಸಮ, ದಿಗ್ಗಜ ಸೆಂಟರ್ ಒಲಾಜುವಾನ್ ಇರುವ ಪಟ್ಟಿ ಅದು. ಏಳನೇ ಪಂದ್ಯದಲ್ಲಿ 18 ರೀಬೌಂಡ್. ಮನಸ್ಸಿಲ್ಲದವನು ಏಳನೇ ಪಂದ್ಯದಲ್ಲಿ ಮೈ ಬಗ್ಗಿಸಲ್ಲ.

ಅವನ ಆಟ ನೋಡಿದವರಿಗೆ ನೆನಪಿರುತ್ತೆ. ಬುಟ್ಟಿಗೆ ಬೆನ್ನು ಕೊಟ್ಟು ನಿಂತ, ಭುಜ ಒಂದು ಕಡೆ ಅಲ್ಲಾಡಿಸಿದ, ಇನ್ನೊಂದು ಕಡೆ ತಿರುಗಿದ, ಎಡಗೈಯಾದರೂ ಸರಿ ಬಲಗೈಯಾದರೂ ಸರಿ, ಚೆಂಡು ಮೆತ್ತಗೆ ಹೋಗಿ ಬೋರ್ಡ್‌ಗೆ ತಾಗಿ ಒಳಗೆ. ಅಷ್ಟು ದೊಡ್ಡ ಕೈಗೆ ಅಷ್ಟು ನಯ ಇರೋದು ಅಪರೂಪ. ದಿಗ್ಗಜ ಸೆಂಟರ್ ಕರೀಮ್ ಅಬ್ದುಲ್-ಜಬ್ಬಾರ್ ಅವರನ್ನೇ ಇವನಿಗೆ ಕಲಿಸೋಕೆ ಅಂತ ಲೇಕರ್ಸ್ ಕರೆಸಿತ್ತು. ಹೊವಾರ್ಡ್‌ಗಿಂತ ಪೋಸ್ಟ್ ಆಟ (ಹೀಗೆ ಬುಟ್ಟಿಗೆ ಬೆನ್ನು ಕೊಟ್ಟು ಆಡೋದು) ಇವನದೇ ಚೆನ್ನಾಗಿತ್ತು ಅಂತ ಈಗಲೂ ಹೇಳುತ್ತೇನೆ. ಬೈಯುವವರು ಬೈಯಿರಿ.

ಬೆಂಚ್ ವಾಸಿ:
ಹೊವಾರ್ಡ್‌ಗಿಂತ ಪೋಸ್ಟ್ ಆಟ ಚೆನ್ನಾಗಿತ್ತು, ಒಪ್ಪಿದೆ. ಡಿಫೆನ್ಸ್ ಮಾತು ಎತ್ತಬೇಡಿ ಮತ್ತೆ.

ಯಾರೂ ಕ್ಲೀವ್‌ಲ್ಯಾಂಡ್ ಕಥೆ ಹೇಳಲಿಲ್ಲವಲ್ಲ. 2013ರಲ್ಲಿ ಎರಡು ವರ್ಷಕ್ಕೆ 2.4 ಕೋಟಿ ಡಾಲರ್ ಅಂತ ಕಾಗದದ ಮೇಲೆ, ಗ್ಯಾರಂಟಿ ಇದ್ದಿದ್ದು 60 ಲಕ್ಷ ಮಾತ್ರ. ಆ ಮಟ್ಟಿಗೆ ಕ್ಯಾವಲಿಯರ್ಸ್ ಹುಷಾರಾಗಿದ್ದರು. 24 ಪಂದ್ಯ ಆಡಿದ, 8.4 ಪಾಯಿಂಟ್. ಡಿಸೆಂಬರ್ ಕೊನೆಗೆ ತಂಡದಿಂದಲೇ ಅಮಾನತು. ಪ್ರಾಕ್ಟೀಸ್‌ನಲ್ಲಿ ಚೆಂಡು ಕೈಗೆ ಬಂದಾಗಲೆಲ್ಲ, ಎಲ್ಲಿ ನಿಂತಿದ್ದರೆ ಅಲ್ಲಿಂದಲೇ ಬುಟ್ಟಿಗೆ ಎಸೆಯುತ್ತಿದ್ದ ಅಂತ ಆಗ ವರದಿ ಬಂದಿತ್ತು. ಜನವರಿಯಲ್ಲಿ ಲುವಾಲ್ ಡೆಂಗ್‌ಗೆ ಬದಲಾಗಿ ಶಿಕಾಗೊಗೆ ಕೊಟ್ಟರು, ಶಿಕಾಗೊದವರು ಬಂದ ತಕ್ಷಣ ಬಿಡುಗಡೆ ಮಾಡಿದರು. ಅವರಿಗೆ ಬೇಕಿದ್ದು ಸಂಬಳದ ಹೊರೆ ಇಳಿಸಿಕೊಳ್ಳೋದು, ಆಟಗಾರ ಅಲ್ಲ.

ನನಗೆ ನೆನಪಿರೋದು ಅದಕ್ಕಿಂತ ಎರಡು ತಿಂಗಳು ಹಿಂದಿನ ಮಾತು. ನಿವೃತ್ತಿ ಬಗ್ಗೆ ಯೋಚನೆ ಮಾಡಿದ್ದೆ, ಮೈ ಮೊದಲಿನ ಹಾಗೆ ಕೇಳಲ್ಲ, ಆಟದಲ್ಲಿ ಖುಷಿ ಸಿಗೋದು ಕಷ್ಟ ಅಂತ ಅವನೇ ಪತ್ರಕರ್ತರ ಮುಂದೆ ಹೇಳಿದ್ದ. ನಾಟಕ ಇಲ್ಲದೆ ನೇರವಾಗಿ ಹೇಳಿದ್ದ. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಆರನೇ ಆಟಗಾರ:
ನೇರವಾಗಿ ಹೇಳಿದ, ಸರಿ. ಆದರೆ ಗಾಯ ಇವನೊಬ್ಬನಿಗೇ ಆಗಿದ್ದಾ? ಗ್ರೆಗ್ ಓಡನ್ ತಗೊಳ್ಳಿ. 2007ರ ಮೊದಲ ಆಯ್ಕೆ, ಇಡೀ ಜೀವನದಲ್ಲಿ ಆಡಿದ್ದು 105 ಪಂದ್ಯ. ಆದರೂ ಮಂಡಿ ಎಲ್ಲ ಹೋದ ಮೇಲೆ 2013ರಲ್ಲಿ ಮಯಾಮಿಗೆ ಕುಂಟುತ್ತಾ ವಾಪಸ್ ಬಂದ. ಅವನನ್ನು ಯಾರಾದರೂ ಸೋಮಾರಿ ಅಂದಿದ್ದು ಕೇಳಿದ್ದೀರಾ? ಜಿಡ್ರುನಾಸ್ ಇಲ್ಗೌಸ್ಕಸ್ ಪಾದಕ್ಕೆ ಎಷ್ಟು ಸಲ ಆಪರೇಷನ್ ಆಯಿತು! ಶುರುವಿನ ಸೀಸನ್‌ಗಳೆಲ್ಲ ಹಾಳಾದವು, ಆಮೇಲೆ ಎರಡು ಸಲ ಆಲ್‌ಸ್ಟಾರ್ ಆದ, ಕ್ಲೀವ್‌ಲ್ಯಾಂಡ್ ಅವನ 11ನೇ ನಂಬರ್ ಅಂಗಿಯನ್ನು ಇನ್ಯಾರಿಗೂ ಕೊಡದ ಹಾಗೆ ತೆಗೆದಿಟ್ಟಿದೆ. ಬಿಲ್ ವಾಲ್ಟನ್ ಪಾದ ಪುಡಿಯಾದ ಮೇಲೂ ಬಾಸ್ಟನ್ ಬೆಂಚ್‌ನಿಂದ ಬಂದು 1986ರಲ್ಲಿ ಗೆದ್ದ. ಹಟ ಇದ್ದವರು ಹೇಗಿರುತ್ತಾರೆ ಅಂತ ಗೊತ್ತಾಗುತ್ತೆ.

ಮಂಡಿಚಿಪ್ಪು:
ಹೋಲಿಕೆ ಚೆನ್ನಾಗಿದೆ, ಆದರೆ ಎರಡು ಬೇರೆ ಬೇರೆ ಗಾಯಗಳನ್ನು ಒಂದೇ ತಕ್ಕಡಿಯಲ್ಲಿ ಇಟ್ಟಿದ್ದೀರಿ. ಇಲ್ಗೌಸ್ಕಸ್‌ದು ಪಾದದ ಮೂಳೆ. ಅದನ್ನು ಸರಿಯಾಗಿ ಜೋಡಿಸಿ, ಪಾದದ ಆಕಾರವನ್ನೇ ತಿದ್ದಿದ ಮೇಲೆ ಕೂಡಿಕೊಂಡಿತು, ಅಲ್ಲಿಂದ ಅವನು ವರ್ಷಗಟ್ಟಲೆ ಆಡಿದ. ಮಂಡಿಯ ಕಾರ್ಟಿಲೇಜ್‌ಗೆ ಆ ಅದೃಷ್ಟ ಇಲ್ಲ ಅಂತ ಮೇಲೆ ಬರೆದಿದ್ದೇನೆ. ಓಡನ್ ಉದಾಹರಣೆ ನಿಮ್ಮ ವಾದಕ್ಕಿಂತ ನನ್ನದಕ್ಕೇ ಜಾಸ್ತಿ ಸಹಾಯ ಮಾಡುತ್ತೆ. ಅಷ್ಟು ಒಳ್ಳೆಯ ಹುಡುಗ, ಅಷ್ಟು ಹಟ, ಆದರೂ ಮಂಡಿ ಬಿಡಲಿಲ್ಲ. ಹಟ ಇದ್ದ ಓಡನ್ ಎನ್‌ಬಿಎ ಕಥೆಯೂ 2014ಕ್ಕೇ ಮುಗೀತು, ಹಟ ಇಲ್ಲದ ಬೈನಮ್ ಕಥೆಯೂ 2014ಕ್ಕೇ ಮುಗೀತು.

ಜರ್ಮನಿಯ ಇಂಜೆಕ್ಷನ್ ಬಗ್ಗೆ ಯಾರೋ ವ್ಯಂಗ್ಯವಾಡಿದರು. ಅದು ರೋಗಿಯ ರಕ್ತವನ್ನೇ ತೆಗೆದು, ಕಾಯಿಸಿಟ್ಟು, ಅದರಿಂದ ಬೇರ್ಪಡಿಸಿದ ದ್ರವವನ್ನು ಮಂಡಿಗೆ ಚುಚ್ಚುವ ಪದ್ಧತಿ. ಕೋಬಿ ಕೂಡ ಅಲ್ಲಿಗೆ ಹೋಗಿ ಮಾಡಿಸಿಕೊಂಡಿದ್ದ. ಊತ, ನೋವು ತಗ್ಗಬಹುದು. ಸವೆದಿದ್ದನ್ನು ಬೆಳೆಸಲ್ಲ.

ತ್ರೀ ಸೆಕೆಂಡ್:
ಬಹಳ ದಿನದಿಂದ ಓದುತ್ತಿದ್ದೇನೆ, ಬರೆಯೋದು ಅಪರೂಪ. ಎತ್ತರದ ಬಗ್ಗೆ ಯಾರೂ ಮಾತಾಡಲಿಲ್ಲ. ಗಾರ್ಡ್ ಆಗಿ (ಚೆಂಡು ನಡೆಸುವ, ಅಷ್ಟೇನೂ ಎತ್ತರ ಬೇಡದ ಜಾಗ) ಆಡುವ ಹುಡುಗ ಈ ಆಟದ ಹುಚ್ಚು ಹಿಡಿದೇ ಅಲ್ಲಿಗೆ ಬರುತ್ತಾನೆ, ಯಾಕೆಂದರೆ ಅವನಷ್ಟೇ ಎತ್ತರದವರು ಸಾವಿರಾರು ಜನ ಇರುತ್ತಾರೆ, ಹುಚ್ಚಿಲ್ಲದಿದ್ದರೆ ಮೊದಲ ಸುತ್ತಿನಲ್ಲೇ ಉದುರಿ ಹೋಗುತ್ತಾನೆ. ಏಳು ಅಡಿಯವನ ಕಥೆ ಹಾಗಲ್ಲ. ಅವನನ್ನು ಆಟವೇ ಹುಡುಕಿಕೊಂಡು ಬರುತ್ತೆ. ಬೈನಮ್‌ಗೆ ಕಂಪ್ಯೂಟರ್ ಬಿಡಿಭಾಗ ತಂದು ಜೋಡಿಸೋದು, ಕಾರು, ಇಂಥದ್ದೆಲ್ಲ ಇಷ್ಟ ಇತ್ತು ಅಂತ ಆಗ ಓದಿದ ನೆನಪು. ಐದೂವರೆ ಅಡಿ ಇದ್ದಿದ್ದರೆ ಎಂಜಿನಿಯರ್ ಆಗಿರುತ್ತಿದ್ದನೇನೋ, ಯಾರಿಗೆ ಗೊತ್ತು.

17 ವರ್ಷಕ್ಕೆ ಲಾಸ್ ಏಂಜಲೀಸ್. 19 ವರ್ಷಕ್ಕೆ, ತಂಡದ ನಾಯಕ ಕೋಬಿ ಕಾರ್ ಪಾರ್ಕಿಂಗ್‌ನಲ್ಲಿ ನಿಂತು, ಬೇರೆ ತಂಡದ ಸ್ಟಾರ್ ಜೇಸನ್ ಕಿಡ್ ಬರುವುದಾದರೆ ಇವನನ್ನು ಕಳಿಸಬೇಕಿತ್ತು ಅಂತ ಬೈದ ವಿಡಿಯೊ ಊರೆಲ್ಲ ಓಡಾಡಿತು. ಆ ವಯಸ್ಸಿಗೆ ಅದನ್ನು ಕೇಳಿಸಿಕೊಂಡು ಮರುದಿನ ಪ್ರಾಕ್ಟೀಸ್‌ಗೆ ಹೋಗಬೇಕು. ಅವನು ಮಾಡಿದ್ದೇನು? ಮುಂದಿನ ಸೀಸನ್ 13 ಪಾಯಿಂಟ್, 10 ರೀಬೌಂಡ್ ಸರಾಸರಿ ತಂದ, ಕೋಬಿಯೇ ಮಾತು ಬದಲಿಸಬೇಕಾಯಿತು. ಜನವರಿಯಲ್ಲಿ ಮಂಡಿಚಿಪ್ಪು ಸರಿಯುವ ತನಕ.

ಸಿಕ್ಸರ್ಸ್ ಸಂತ್ರಸ್ತ:
ಒಟ್ಟು ಸಂಪಾದನೆ ಸುಮಾರು 7 ಕೋಟಿ ಡಾಲರ್. ನನಗೂ ಅಂಥ ದುರದೃಷ್ಟ ಒಂದು ಬರಲಿ.

ಹುಕ್‌ಶಾಟ್:
😀 ಅದೂ ಒಂದು ಕಾರಣ ಇರಬಹುದು. ದುಡ್ಡು ಬಂದಾಗಿದೆ, ಚಾಂಪಿಯನ್‌ಶಿಪ್‌ನ ಎರಡು ಉಂಗುರ ಬಂದಾಗಿದೆ, ಮಂಡಿ ದಿನಾ ನೋಯುತ್ತೆ. 26ಕ್ಕೆ ಸಾಕು ಅಂದರೆ ನಾವು ಯಾಕೆ ಮನಸ್ಸಿಗೆ ಹಚ್ಚಿಕೊಳ್ಳಬೇಕು?

ಆದರೆ 2010 ಬಿಟ್ಟು ಈ ಚರ್ಚೆ ಮುಗಿಸೋಕಾಗಲ್ಲ. ಮೆನಿಸ್ಕಸ್ ಹರಿದಿದೆ ಅಂತ ಗೊತ್ತಿದ್ದೂ ಆಪರೇಷನ್ ಮುಂದಕ್ಕೆ ಹಾಕಿ, ಮಂಡಿಯಲ್ಲಿ ತುಂಬಿದ ನೀರು ತೆಗೆಸಿಕೊಂಡು ಬಾಸ್ಟನ್ ವಿರುದ್ಧದ ಫೈನಲ್ಸ್ ಆಡಿದ. ಎರಡನೇ ಪಂದ್ಯದಲ್ಲಿ 21 ಪಾಯಿಂಟ್, 7 ಬ್ಲಾಕ್, ಹರಿದ ಮಂಡಿಯಲ್ಲಿ. ಏಳನೇ ಪಂದ್ಯದಲ್ಲಿ ಲೇಕರ್ಸ್ ಕಪ್ ಗೆದ್ದಿತು. ಅವತ್ತು ಅವನು ಕೂತಿದ್ದರೆ ಯಾರೂ ಬೈಯುತ್ತಿರಲಿಲ್ಲ.

ಆರನೇ ಆಟಗಾರ:
ಅದನ್ನು ನಾನು ಅಲ್ಲಗಳೆಯಲ್ಲ, ಅದು ಗಂಡಸುತನದ ಕೆಲಸ. ಆದರೆ ಕಪ್ ಗೆದ್ದ ಮೇಲೆ? ತಕ್ಷಣ ಆಪರೇಷನ್ ಮಾಡಿಸಿಕೊಳ್ಳೋದು ಬಿಟ್ಟು ಫುಟ್‌ಬಾಲ್ ವರ್ಲ್ಡ್ ಕಪ್ ನೋಡೋಕೆ ದಕ್ಷಿಣ ಆಫ್ರಿಕಾಗೆ ಹೋದ. ಆಪರೇಷನ್ ಆಗಿದ್ದು ಜುಲೈ ಕೊನೆಗೆ. ಮುಂದಿನ ಸೀಸನ್ ಶುರುವಾದ ಮೇಲೆ ಡಿಸೆಂಬರ್ ಮಧ್ಯದವರೆಗೆ 24 ಪಂದ್ಯ ತಪ್ಪಿಹೋಯಿತು. ಒಂದೇ ಬೇಸಿಗೆಯಲ್ಲಿ ಎರಡೂ ಬೈನಮ್ ಕಾಣಿಸುತ್ತಾರೆ ಅನ್ನಿ.

ಮಂಡಿಚಿಪ್ಪು:
ಜೂನ್ ತನಕ ಹರಿದ ಮೆನಿಸ್ಕಸ್ ಮೇಲೆ ಆಡಿದ್ದು ಆ ಪ್ರವಾಸಕ್ಕಿಂತ ಜಾಸ್ತಿ ಹಾಳು ಮಾಡಿರುತ್ತೆ. ಇದು ನನ್ನ ಊಹೆ ಅಷ್ಟೇ, ಅವನ ಸ್ಕ್ಯಾನ್ ನಾನು ನೋಡಿಲ್ಲ. ಆದರೆ ತಮಾಷೆ ನೋಡಿ, ಮಂಡಿಯನ್ನು ಜಾಸ್ತಿ ಸವೆಸಿದ ಕೆಲಸವನ್ನು ಹೊಗಳಿದೆವು, ಕಮ್ಮಿ ಸವೆಸಿದ್ದನ್ನು ಬೈದೆವು.

ಬೆಂಚ್ ವಾಸಿ:
ಆ ತ್ರೀ ಪಾಯಿಂಟರ್ ವಿಷಯಕ್ಕೆ ವಾಪಸ್ ಬರ್ತೀನಿ. 2012ರಲ್ಲಿ ಸೆಂಟರ್ ಒಬ್ಬ ತ್ರೀ ಎಸೆದರೆ ಬೆಂಚ್. ಬ್ರೂಕ್ ಲೋಪೆಜ್ ನೋಡಿ, ಅವನೂ 10ನೇ ಆಯ್ಕೆಯೇ, 2008ರಲ್ಲಿ. ಅವನ ಪಾದಕ್ಕೂ ಆಪರೇಷನ್ ಮೇಲೆ ಆಪರೇಷನ್. ಮೊದಲ 8 ಸೀಸನ್‌ನಲ್ಲಿ ಒಟ್ಟು 3 ತ್ರೀ ಹಾಕಿದ್ದವನು ಒಂಬತ್ತನೆಯದರಲ್ಲಿ 134 ಹಾಕಿದ, 2021ರಲ್ಲಿ ಮಿಲ್ವಾಕಿ ಜೊತೆ ಚಾಂಪಿಯನ್. ಹಾರೋದು, ಗುದ್ದಾಡೋದು ಕಮ್ಮಿ ಮಾಡಿ ದೂರ ನಿಂತು ಎಸೆಯೋದು ಕಲಿತ. ಬೈನಮ್ ಕೈಯಲ್ಲಿದ್ದ ನಯ ನೋಡಿದರೆ ಅವನಿಗೂ ಅದು ಸಾಧ್ಯ ಇತ್ತು ಅನ್ಸುತ್ತೆ. ಆದರೆ ಹೊಸದಾಗಿ ಕಲಿಯೋಕೆ ಮತ್ತೆ ದಿನಾ ಜಿಮ್‌ಗೆ ಹೋಗುವ ಮನಸ್ಸು ಬೇಕಲ್ಲ, ನನಗೆ ಅಲ್ಲೇ ಅನುಮಾನ.

ತ್ರೀ ಸೆಕೆಂಡ್:
ಇಂಡಿಯಾನಾ ಕೂಡ ಸೇರಿಸಿ. 2014ರ ಫೆಬ್ರವರಿ 1ಕ್ಕೆ ಸಹಿ ಹಾಕಿದ, ಮಾರ್ಚ್‌ನಲ್ಲಿ ಬಾಸ್ಟನ್ ವಿರುದ್ಧ 8 ಪಾಯಿಂಟ್ 10 ರೀಬೌಂಡ್, ಡೆಟ್ರಾಯ್ಟ್ ವಿರುದ್ಧ 15 ಪಾಯಿಂಟ್ 9 ರೀಬೌಂಡ್. ಬಲ ಮಂಡಿ ಊದಿತು, ಅಷ್ಟೇ, ಆಮೇಲೆ ಆಡಲೇ ಇಲ್ಲ. ಮೇ ತಿಂಗಳಲ್ಲಿ ತಂಡದಿಂದ ಹೊರಗೆ. ಎರಡೇ ಪಂದ್ಯ, ಆದರೆ ಎರಡರಲ್ಲೂ ಕೆಲಸ ಮಾಡಿದ್ದಾನೆ. ಒಟ್ಟು ಲೆಕ್ಕ 418 ಪಂದ್ಯ.

ಆರನೇ ಆಟಗಾರ:
ಇಂಡಿಯಾನಾ ಅಂದ ಕೂಡಲೇ ಅಲ್ಲಿನ ಸೆಂಟರ್ ರಾಯ್ ಹಿಬರ್ಟ್ ನೆನಪಾದ. ಅದೇ ವರ್ಷ ಆಲ್‌ಸ್ಟಾರ್, ಅದೇ ಪ್ಲೇಆಫ್‌ನಲ್ಲಿ ಕೆಲವು ಪಂದ್ಯ ಒಂದೂ ಪಾಯಿಂಟ್ ಇಲ್ಲ. ಅವನಿಗೆ ಮಂಡಿಯೂ ಕೈಕೊಟ್ಟಿರಲಿಲ್ಲ. ಹುಕ್‌ಶಾಟ್ ಅವರೇ, ಅವನಿಗೆ ನಿಮ್ಮ ವಾದ ಹೇಗೆ ಅನ್ವಯಿಸುತ್ತೀರಿ?

ಹುಕ್‌ಶಾಟ್:
ಹಿಬರ್ಟ್‌ಗೆ ಬೇರೆ ಚರ್ಚೆ ಬೇಕು. ಅವನನ್ನು ಬದಲಾದ ಆಟ ಹೊರಗೆ ಹಾಕಿತು ಅಂತ ನನ್ನ ಅನಿಸಿಕೆ. ನೀವೇ ಶುರು ಮಾಡಿ, ಬರ್ತೀನಿ.